ನಾಲ್ಕನೇ ಪಂಪಾಪತಿ

ಮದುವೆಯಾಗಿ ದೇವದುರ್ಗಕ್ಕೆ ಬಂದ ಮೊದಲ ವರ್ಷವೇ ಶಿವಗಂಗಾ ಇಸ್ಪೀಟು ಎಲೆಗಳಿಗೆ ಮನಸ್ಸಿನಲ್ಲೇ ಸವತಿ ಎಂದು ಹೆಸರಿಟ್ಟಿದ್ದಳು. ಗಂಡ ಪಂಪಾಪತಿ ಕಾಲುವೆ ಆಫೀಸಿನಲ್ಲಿ ಎಂಜಿನಿಯರು. ಕುಡಿಯುವವನಲ್ಲ, ಕೈ ಎತ್ತುವವನಲ್ಲ, ಶ್ರಾವಣ ಸೋಮವಾರದ ಉಪವಾಸ ತಪ್ಪಿಸಿದವನಲ್ಲ. ಆದರೆ ಭಾನುವಾರ ಮಧ್ಯಾಹ್ನ ಉಂಡು ಕೈ ತೊಳೆದನೆಂದರೆ ಅವನು ಮನೆಯವನಲ್ಲ. ಕ್ವಾರ್ಟರ್ಸಿನ ಕೊನೆಗಿದ್ದ ಕ್ಲಬ್ಬಿನ ಕೋಣೆಗೆ ಹೋಗಿಬಿಡುತ್ತಿದ್ದ.

ಅಲ್ಲಿ ಆಡುತ್ತಿದ್ದದ್ದು ಪೋಕರ್. ಕಾಲುವೆ ಕೆಲಸಕ್ಕೆಂದು ಹೈದರಾಬಾದಿನಿಂದ ಬಂದಿದ್ದ ಯಾರೋ ಎಂಜಿನಿಯರು ಕಲಿಸಿಹೋದ ಆಟ. ದುಡ್ಡಿಟ್ಟು ಆಡುತ್ತಿರಲಿಲ್ಲ. ಆಫೀಸಿನ ಗೆಳೆಯ ಗುಲಾಮ್ ದಸ್ತಗೀರನ ತಂದೆ ದರ್ಜಿ. ಅವರ ಅಂಗಡಿಯಿಂದ ತಂದ ಅಂಗಿಗುಂಡಿಗಳೇ ಪಣ. ಒಂದೇ ಮೇಜು, ಸುತ್ತ ಎಂಟು ಜನ, ಎಲ್ಲರ ಮುಂದೆಯೂ ಸಮನಾದ ಗುಂಡಿಯ ರಾಶಿ. ಗುಂಡಿ ಮುಗಿದವನು ಎದ್ದು ಹೋಗಬೇಕು. ಕಡೆಗೆ ಉಳಿದ ಮೂವರಿಗೆ ಮಿಕ್ಕವರು ಮಿರ್ಚಿ, ಮಂಡಾಳು ಒಗ್ಗರಣೆ ತಿನ್ನಿಸಬೇಕು. ಪಂಪಾಪತಿಯಷ್ಟು ಚೆನ್ನಾಗಿ ಆಡುವವರು ಆ ಮೇಜಿನಲ್ಲಿ ಇಲ್ಲವೆಂದು ದಸ್ತಗೀರನೇ ಹೇಳುತ್ತಿದ್ದ. ಆದರೂ ಪಂಪಾಪತಿ ಮಿರ್ಚಿ ತಿಂದದ್ದು ಅಪರೂಪ. ನಾಲ್ಕು ಜನ ಉಳಿದಾಗ ಅವನಿಗೆ ಏನೋ ಆಗುತ್ತಿತ್ತು. ಇದ್ದದ್ದನ್ನೆಲ್ಲ ಒಮ್ಮೆಲೇ ನೂಕಿ, ಸೋತು, ಅಂಗಿ ಕೊಡವಿಕೊಂಡು ಎದ್ದುಬಿಡುತ್ತಿದ್ದ. ಗೆಳೆಯರು ಅವನನ್ನು ನಾಲ್ಕನೇ ಪಂಪಾಪತಿ ಎಂದೇ ಕರೆಯುತ್ತಿದ್ದರು.

ಮನೆಗೆ ಬಂದವನ ಮುಂದೆ ಶಿವಗಂಗಾ ಮುಖ ತಿರುಗಿಸಿಕೊಂಡೇ ತಟ್ಟೆ ಇಡುತ್ತಿದ್ದಳು.

“ಸೋತ್ರೇನು? ಅದಕ್ಕಽ ಮನಿ ನೆನಪಾತು.”

ಪಂಪಾಪತಿ ರೊಟ್ಟಿ ಮುರಿಯುತ್ತಾ, “ನೀನೂ ತಾಟು ಹಚ್ಚಿಕೊಂಡು ಉಣ್ಣಾಕ ಕುಂದ್ರು” ಅನ್ನುತ್ತಿದ್ದ. ಅಷ್ಟೇ. ಆ ಮಾತಿಗೂ ಅವಳು ಬೇಕೆಂದೇ ತಡಮಾಡುತ್ತಿದ್ದಳು.

ಮಾನ್ವಿಗೆ ವರ್ಗವಾಯಿತು, ಅಲ್ಲಿಂದ ರಾಯಚೂರಿಗೆ. ದಸ್ತಗೀರ್ ಮಾನ್ವಿಯಲ್ಲೇ ಮನೆ ಕಟ್ಟಿಕೊಂಡು ನಿಂತ. ಪಂಪಾಪತಿ ನಿವೃತ್ತನಾಗಿ ರಾಯಚೂರಿನ ಮನೆಯಲ್ಲಿ ಉಳಿದ. ಮಗಳು ಕಾವ್ಯಾ ಅಲ್ಲೇ ಕಾಲೇಜೊಂದರಲ್ಲಿ ಪಾಠ ಹೇಳುತ್ತಾಳೆ. ಅವಳೂ ಅಳಿಯನೂ ಅದೇ ಮನೆಯ ಮಹಡಿಯಲ್ಲಿದ್ದಾರೆ. ಇನ್ನು ಗಂಡ ತನ್ನ ಪಾಲಿಗೆ ಸಿಕ್ಕಾನು ಎಂದು ಶಿವಗಂಗಾ ಅಂದುಕೊಂಡಿದ್ದಳು. ಇಬ್ಬರೂ ಸೇರಿ ನೀರಮಾನ್ವಿ ಯಲ್ಲಮ್ಮನ ಗುಡಿಗೆ ಹೋಗಿ ಬಂದರು, ಸಂಜೆ ವಾಕಿಂಗ್ ಶುರು ಮಾಡಿದರು. ಅಷ್ಟರಲ್ಲಿ ಅವನಿಗೆ ಮರೆವು ಹಿಡಿಯಿತು.

ಮೊದಲು ಮರೆತದ್ದು ಸ್ಕೂಟರಿನ ಕೀಲಿ. ಆಮೇಲೆ ಸ್ಕೂಟರನ್ನೇ ಸ್ಟೇಷನ್ ರಸ್ತೆಯಲ್ಲಿ ಬಿಟ್ಟು ಆಟೋದಲ್ಲಿ ಬಂದ. ಡಾಕ್ಟರು ಮೆದುಳಿನ ಸ್ಕ್ಯಾನ್ ತೆಗೆಸಿ, ಕಾವ್ಯಾಳನ್ನು ಹೊರಗೆ ಕರೆದು ಮಾತಾಡಿದರು. ಹೊರಗೆ ಕರೆದಾಗಲೇ ಶಿವಗಂಗಾಗೆ ಅರ್ಧ ತಿಳಿದುಹೋಯಿತು. ಉಳಿದರ್ಧ ತಿಳಿದದ್ದು ಒಂದು ಬೆಳಿಗ್ಗೆ. ಚಹಾ ಕೊಟ್ಟರೆ ಅವನು ಎರಡೂ ಕೈಯಲ್ಲಿ ಕಪ್ಪು ತೆಗೆದುಕೊಂಡು, ಬಹಳ ಮರ್ಯಾದೆಯಿಂದ ಕೇಳಿದ:

“ನೀವ್ಯಾರು ಅಂತ ಗೊತ್ತಾಗ್ಲಿಲ್ರೀ.”

“ನಾನ್ರೀ. ಶಿವಗಂಗಾ.”

ಪಂಪಾಪತಿಯ ಮುಖ ಗಂಟಾಯಿತು. “ಚೇಷ್ಟಿ ಮಾಡಬ್ಯಾಡ್ರಿ. ನಮ್ಮಾಕಿಗಿ ಇಷ್ಟು ವಯಸ್ಸಾಗಿಲ್ಲ.”

ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಮತ್ತೆ ಎರಡು ಮೂರು ಸಲ ಹೇಳಿ ನೋಡಿದಳು. ಹೇಳಿದಾಗಲೆಲ್ಲ ಅವನು ಹೆದರಿ ಎದ್ದು ಬಾಗಿಲ ಕಡೆ ಹೋಗುತ್ತಿದ್ದ. “ಬ್ಯಾಡ ಯವ್ವಾ, ಹಟ ಮಾಡಬ್ಯಾಡ,” ಎಂದು ಕಾವ್ಯಾ ಅವಳ ಕೈ ಹಿಡಿದು ಹೇಳಿದಳು. ಅಂದಿನಿಂದ ಶಿವಗಂಗಾ ತನ್ನ ಮನೆಯಲ್ಲಿ ತನ್ನ ಹೆಸರು ಹೇಳುವುದನ್ನು ಬಿಟ್ಟಳು.

ಬೆಳಗಿನ ಹೊತ್ತು ಹೇಗೋ ಕಳೆಯುತ್ತಿತ್ತು. ಕಷ್ಟವೆಲ್ಲ ಸಂಜೆಯದು. ಬಿಸಿಲು ಇಳಿಯುತ್ತಿದ್ದಂತೆ ಪಂಪಾಪತಿ ಗೇಟಿನ ಚಿಲಕ ಹಿಡಿದು ಅಲುಗಾಡಿಸುತ್ತಿದ್ದ. ದೇವದುರ್ಗಕ್ಕೆ ಹೋಗಬೇಕು, ತಡವಾಯಿತು, ಬಿಡಿ ಎಂದು ಕೂಗುತ್ತಿದ್ದ. ಅಕ್ಕಪಕ್ಕದವರು ಕಿಟಕಿಯಿಂದ ನೋಡುತ್ತಿದ್ದರು.

ಸುದ್ದಿ ಕೇಳಿ ದಸ್ತಗೀರ್ ಮಾನ್ವಿಯಿಂದ ಬಸ್ಸು ಹತ್ತಿ ಬಂದ. ಗೇಟಿನಲ್ಲಿ ನಿಂತ ಗೆಳೆಯನ ಅವತಾರ ನೋಡಿದ. ಒಳಗೆ ಬಂದು ಚೀಲದಿಂದ ಇಸ್ಪೀಟಿನ ಕಟ್ಟು, ಗುಂಡಿಯ ಡಬ್ಬಿ ತೆಗೆದು ಊಟದ ಮೇಜಿನ ಮೇಲಿಟ್ಟ. ಎಲೆ ಕಲೆಸುವ ಸದ್ದು ಕೇಳಿದ್ದೇ ಪಂಪಾಪತಿ ಚಿಲಕ ಬಿಟ್ಟು ಒಳಗೆ ಬಂದ. ಕುರ್ಚಿ ಎಳೆದುಕೊಂಡ. ಕಟ್ಟನ್ನು ಕೈಗೆ ತೆಗೆದುಕೊಂಡು ಸರಸರನೆ ಹಂಚಿದ. ಹೆಂಡತಿಯ ಮುಖ ಮರೆತವನ ಬೆರಳಿಗೆ ಆ ಆಟದ ಒಂದು ಸುತ್ತೂ ಮರೆತಿರಲಿಲ್ಲ.

ಹೊರಡುವಾಗ ದಸ್ತಗೀರ್ ಡಬ್ಬಿಯನ್ನು ಅಲ್ಲೇ ಬಿಟ್ಟ.

“ಭಾಬಿ, ನಾ ದಿನಾ ಬರ್ಲಿಕ್ಕೆ ಆಗಂಗಿಲ್ಲ. ನೀವಽ ಕಲೀರಿ.”

“ನಾನಾ? ಅಣ್ಣಾರ, ಈ ಎಲಿ ಕಂಡ್ರ ನನಗ ಹೊಟ್ಟ್ಯಾಗ ಬೆಂಕಿ ಬೀಳ್ತದ.”

“ಬೆಂಕಿ ಬೀಳ್ಲಿ. ಆತ ಗೇಟಿನ್ಯಾಗ ನಿಂತು ಒದರಾಡೂದಕಿಂತ ಚಲೋ ಅಲ್ಲೇನ್ರಿ?”

ಮರುದಿನ ಬಿಸಿಲು ಇಳಿಯುವ ಮೊದಲೇ ಶಿವಗಂಗಾ ಮೇಜಿನ ಮುಂದೆ ಕೂತಳು. ಪಂಪಾಪತಿ ಎದುರು ಬಂದು ನಿಂತು ನೋಡಿದ.

“ಹೊಸಬರೇನ್ರಿ, ಮೇಡಂ?”

“ಹೂನ್ರಿ,” ಎಂದಳು.

“ಅಂಜಬ್ಯಾಡ್ರಿ. ಕಲಿಸ್ತೀನಿ.”

ಅವನು ಮೇಜಿನ ಸುತ್ತ ಗುಂಡಿಯ ರಾಶಿಗಳನ್ನು ಮಾಡಿದ, ಖಾಲಿ ಕುರ್ಚಿಗಳ ಮುಂದೆಯೂ ಒಂದೊಂದು. ಇದು ದಸ್ತಗೀರನದು, ಇದು ಪಕೀರಪ್ಪನದು ಎಂದು ಹಳೆಯ ಗೆಳೆಯರ ಹೆಸರು ಹೇಳುತ್ತಾ ಎಲ್ಲರಿಗೂ ಎರಡೆರಡು ಎಲೆ ಕವುಚಿ ಹಾಕಿದ. ನಡುವೆ ಐದು ಎಲೆ ಬೀಳುತ್ತವೆ, ಅವು ಎಲ್ಲರಿಗೂ ಸೇರಿದವು. ನಿಮ್ಮ ಕೈಯ ಎರಡರ ಜೊತೆ ಅವನ್ನು ಕೂಡಿಸಿ ಯಾರದು ದೊಡ್ಡದೋ ಅವರದ್ದು ರಾಶಿ, ಎಂದು ಮಕ್ಕಳಿಗೆ ಹೇಳಿದಂತೆ ಹೇಳಿದ. ಪ್ರತಿ ಸುತ್ತಿನಲ್ಲೂ ಇಬ್ಬರು ಎಲೆ ನೋಡುವ ಮೊದಲೇ ಗುಂಡಿ ಇಡಬೇಕು, ಅದಕ್ಕೆ ಬ್ಲೈಂಡ್ ಅನ್ನುತ್ತಾರೆ. ಹೊತ್ತು ಹೋದಂತೆ ಅದು ಬೆಳೆಯುತ್ತಾ ಹೋಗುತ್ತದೆ.

“ಕೈಯಾಗ ಏನದ್ರಿ?”

“ರಾಣಿ ಒಂದು. ಮೂರು ಒಂದು.”

“ಏನ್ ಮಾಡ್ತೀರಿ?”

“ಆಡ್ತೀನ್ರಿ. ರಾಣಿ ಅದಾಳಲ್ಲ.”

ಪಂಪಾಪತಿ ನಕ್ಕ. ಆಡಿಕೊಳ್ಳುವ ನಗೆಯಲ್ಲ. “ಹೊಸಬರೆಲ್ಲಾ ಹಿಂಗಽ ರೀ. ಚಿತ್ರದ ಎಲಿ ಕಂಡ್ರ ಕೈ ಬಿಡಂಗಿಲ್ಲ. ಮೂರರ ಜೋಡಿ ಬಂದ ರಾಣಿ ರಾಣಿ ಅಲ್ಲ ಮೇಡಂ, ಬಡಪಾಯಿ. ಬಿಟ್ಟುಬಿಡ್ರಿ. ಮೊದಮೊದಲಿಗಿ ಮಂದಿ ಬಾಳ ಇರ್ತಾರ, ಬ್ಲೈಂಡ್ ಸಣ್ಣದಿರ್ತದ. ಅವಸರ ಏನದ? ಚಲೋ ಎಲಿ ಬಂದಾಗಷ್ಟ ಕೈ ಹಾಕ್ರಿ. ಉಳದ ಹೊತ್ತು ಮಂದಿ ಮಾರಿ ನೋಡ್ರಿ.”

ಶಿವಗಂಗಾ ಎಲೆ ಕೆಳಗಿಟ್ಟು ಅವನ ಮುಖ ನೋಡಿದಳು. ಮರೆವು ಹಿಡಿಯುವವರೆಗೆ ಅವನು ಅವಳನ್ನು ರೀ ಎಂದು ಕರೆದದ್ದೇ ಇಲ್ಲ. ಇಷ್ಟು ಸಮಾಧಾನದಿಂದ ಎದುರು ಕೂತು ಏನನ್ನಾದರೂ ಬಿಡಿಸಿ ಹೇಳಿದ್ದೂ ಇಲ್ಲ. ಯಾರೋ ಗುರುತಿಲ್ಲದ ಹೆಂಗಸಿಗೆ ಹೇಳುತ್ತಿದ್ದಾನೆ. ಅವಳಿಗೆ ಆ ಹೆಂಗಸಿನ ಮೇಲೆ ಹೊಟ್ಟೆಕಿಚ್ಚಾಯಿತು. ಆ ಹೆಂಗಸು ತಾನೇ ಎಂದು ನೆನಪಾಗಿ, ಇನ್ನಷ್ಟು ಸಂಕಟವಾಯಿತು.

ಹೀಗೆ ಪಾಠ ನಡೆಯಿತು. ಪ್ರತಿ ಸಂಜೆಯೂ ಅವನು ಹೊಸಬರೇನ್ರಿ ಎಂದು ಕೇಳುವನು, ಅವಳು ಹೂನ್ರಿ ಅನ್ನುವಳು. ಅವನಿಗೆ ದಿನವೂ ಮೊದಲ ದಿನ. ಅವಳಿಗೆ ಮಾತ್ರ ದಿನದಿಂದ ದಿನಕ್ಕೆ ಕೈ ಕುದುರುತ್ತಿತ್ತು. ಮುಂದಿನ ಎಲೆ ಏನು ಬರುತ್ತದೋ ನೋಡೋಣ ಎಂದು ಬರೀ ಆಸೆಗೆ ಗುಂಡಿ ಹಾಕುವ ಚಟ ಬಿಟ್ಟಳು. ಕಡೆಗೆ ಮಾತಾಡುವ ಜಾಗದಲ್ಲಿ ಕೂತವನಿಗೆ ಎಲ್ಲರ ಮನಸ್ಸು ತಿಳಿದಿರುತ್ತದೆ, ಅಲ್ಲಿ ಕೂತಾಗ ಕೈ ಸ್ವಲ್ಪ ಸಡಿಲ ಮಾಡಬಹುದು ಎಂದು ಕಲಿತಳು. ಗುಂಡಿ ಕರಗುತ್ತಾ ಬಂದಾಗ ಅಷ್ಟಿಷ್ಟು ಇಡುವುದು ದಂಡ ಎಂಬುದು ತಿಳಿಯಿತು.

“ಇಟ್ರ ಎಲ್ಲಾ ಇಡ್ರಿ, ಇಲ್ಲಾಂದ್ರ ಬಿಡ್ರಿ,” ಎನ್ನುತ್ತಿದ್ದ ಪಂಪಾಪತಿ. “ಪೂರಾ ಬರಿಗೈ ಆಗೂತನ ಕಾಯಬ್ಯಾಡ್ರಿ. ನಿಮ್ಮ ರಾಶಿ ನೋಡಿ ಮಂದಿ ಇನ್ನಾ ಅಂಜತಾರ ಅನ್ನೂದ್ರಾಗಽ ನೂಕಬೇಕು. ನೀವ್ ಮೊದಲ ನೂಕಿದ್ರ ಅವ್ರು ಎಲಿ ಬಿಡಬಹುದು. ಅವ್ರು ನೂಕಿದ್ ಮ್ಯಾಲ ನೀವ್ ಹೌದು ಅನ್ನಬೇಕಂದ್ರ ಬಾಳ ಚಲೋ ಎಲಿ ಬೇಕು.”

“ನಾಕು ಮಂದಿ ಉಳದಾಗ ಏನ್ ಮಾಡಬೇಕ್ರಿ?”

“ಆವಾಗ ದೊಡ್ಡ ರಾಶಿಯವನ ತಂಟಿಗಿ ಹೋಗಬಾರ್ದು. ಸೋತ್ರೂ ಅವನಿಗಿ ಏನಾಗಂಗಿಲ್ಲ, ಅದಕ್ಕ ಅವ ಬಿಡಂಗಿಲ್ಲ. ನಡುಕಿನವರ ಮ್ಯಾಲ ನೂಕ್ರಿ. ಅವ್ರಿಗಿ ಇಷ್ಟೊತ್ತು ಕುಂತು ಮಿರ್ಚಿ ತಪ್ಪೀತಲ್ಲ ಅಂತ ಅಂಜಿಕಿ.”

“ನೀವೂ ಹಂಗಽ ಆಡ್ತೀರೇನ್ರಿ?”

ಅವನು ಎಲೆ ಕಲೆಸುತ್ತಾ ಬೇರೆ ಕಡೆ ನೋಡಿದ. “ನಂದು ಬ್ಯಾರೆ ಬಿಡ್ರಿ.”

ಅವಳು ಸಂಜೆಯ ಪಾಠಕ್ಕೆ ಮುಂಚೆ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಸೀರೆ ಉಡತೊಡಗಿದಳು. ಮಹಡಿಯಿಂದ ಇಳಿದು ಬಂದ ಕಾವ್ಯಾ ಒಂದು ದಿನ ನಿಂತು ನೋಡಿ, “ಪೌಡರ್ ಹಚ್ಚಿಗೊಂಡೀಯೇನಬೇ ಯವ್ವಾ?” ಎಂದು ನಕ್ಕಳು. ಶಿವಗಂಗಾ ನಾಚಿ ಸೆರಗಿನಿಂದ ಕೆನ್ನೆ ಒರೆಸಿಕೊಂಡಳು. ನಗುತ್ತಲೇ ಇದ್ದ ಕಾವ್ಯಾ ಇದ್ದಕ್ಕಿದ್ದಂತೆ ಮುಖ ಮುಚ್ಚಿಕೊಂಡು ಮತ್ತೆ ಮೇಲೆ ಹತ್ತಿ ಹೋದಳು.

ಇನ್ನೊಂದು ಸಂಜೆ ಆಟದ ನಡುವೆ ಪಂಪಾಪತಿ ವಿಚಾರಿಸಿದ:

“ನಿಮ್ಮ ಮನಿಯವ್ರು ಏನ್ ಮಾಡ್ತಾರ್ರಿ, ಮೇಡಂ?”

“ಕಾಲುವಿ ಆಫೀಸಿನ್ಯಾಗ ಇದ್ರು.”

“ಇದ್ರು ಅಂದ್ರ?”

ಅವಳು ತನ್ನ ಮುಂದಿನ ಗುಂಡಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದಳು. ಪಂಪಾಪತಿ ಕೈಯೊಳಗಿನ ಎಲೆ ಕೆಳಗಿಟ್ಟ. ಅವನ ಕಣ್ಣು ತುಂಬಿ ಬಂತು.

“ತಪ್ಪಾತ್ರಿ, ಕೇಳಬಾರ್ದಿತ್ತು. ಇಷ್ಟು ಚಲೋ ಹೆಣ್ಮಗಳನ್ನ ಒಬ್ಬಾಕಿನ್ನಽ ಬಿಟ್ಟು ಹೋಗ್ಯಾರಲ್ಲ.”

ಗಂಡನಿಗಾಗಿ ಗಂಡನೇ ಮರುಗುವುದನ್ನು ಶಿವಗಂಗಾ ನೋಡುತ್ತಾ ಕೂತಳು. ಆಮೇಲೆ, “ನಿಮ್ಮ ಪಾಳಿ ಅದ, ಆಡ್ರಿ,” ಎಂದಳು.

ಚಳಿ ಮುಗಿಯುವ ಹೊತ್ತಿಗೆ ದಸ್ತಗೀರನಿಗೆ ಒಂದು ಆಸೆ ಹುಟ್ಟಿತು. ಹಳೆಯ ಮೇಜಿನವರನ್ನೆಲ್ಲ ಮಾನ್ವಿಯ ತನ್ನ ಮನೆಗೆ ಕರೆದು, ಪಂಪಾಪತಿಗಾಗಿ ಒಂದು ಪೂರ್ತಿ ಆಟ ಇಡಬೇಕು. ಭಾನುವಾರ ಶಿವಗಂಗಾ ಗಂಡನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದಳು. ದಸ್ತಗೀರನ ಹೆಂಡತಿ ಮುನವ್ವರ್ ಬೀ ಬಾಗಿಲಲ್ಲೇ ಎದುರುಗೊಂಡು ಅವಳನ್ನು ತಬ್ಬಿಕೊಂಡಳು. ಮೊದಲೆರಡು ಸುತ್ತು ಪಂಪಾಪತಿ ಚೆನ್ನಾಗಿಯೇ ಆಡಿದ. ಗುಲಾಮನ ಎಲೆ ಬಿದ್ದಾಗ, “ಬಂದ ನೋಡ್ರಿ ಗುಲಾಮ್ ದಸ್ತಗೀರ,” ಎಂದು ಹಳೆಯ ತಮಾಷೆಯನ್ನೂ ಮಾಡಿದ; ಎಲ್ಲರೂ ಬೇಕೆಂದೇ ಜೋರಾಗಿ ನಕ್ಕರು. ಆದರೆ ಅಷ್ಟು ಜನ, ಅಷ್ಟು ದನಿ ಅವನಿಗೆ ತಾಳಲಿಲ್ಲ. ಕೈಯಲ್ಲಿದ್ದ ಎಲೆಗಳು ನೆಲಕ್ಕೆ ಬಿದ್ದವು.

“ನೀವ್ ಕುಂದರ್ರಿ ಮೇಡಂ,” ಎಂದು ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ. “ನಾ ಹಿಂದ ಕುಂತು ನೋಡ್ತೀನಿ.”

ಶಿವಗಂಗಾ ಕೂತಳು. ಗಂಡಸರ ಮೇಜಿನಲ್ಲಿ ಕೂತದ್ದು ಜೀವಮಾನದಲ್ಲೇ ಮೊದಲು. ಮೊದಲು ಕಿವಿಯಲ್ಲಿ ಬಿಸಿಗಾಳಿ ಹೊಡೆದಂತಾಯಿತು. ಅವಳು ಬಿಟ್ಟಳು, ಬಿಟ್ಟಳು, ಬಿಡುತ್ತಲೇ ಹೋದಳು. ಈ ಅಕ್ಕ ಆಡುವುದೇ ಇಲ್ಲವೇನು ಎಂದು ಯಾರೋ ಅಂದರು. ಆಮೇಲೆ ಎರಡು ರಾಜ ಬಂದಾಗ ಒಂದು ದೊಡ್ಡ ರಾಶಿ ಎಳೆದುಕೊಂಡಳು. ಹಾಗೆ ಅಂದವನು ಕುರ್ಚಿ ಮುಂದಕ್ಕೆ ಎಳೆದುಕೊಂಡ. ಒಬ್ಬೊಬ್ಬರಾಗಿ ಎದ್ದರು. ನಾಲ್ಕು ಜನ ಉಳಿದಾಗ ಅವಳ ಮುಂದಿದ್ದ ಗುಂಡಿ ಕಡಿಮೆ. ದಸ್ತಗೀರನದು ಎಲ್ಲರಿಗಿಂತ ದೊಡ್ಡ ರಾಶಿ. ಅವನು ಆಟದಲ್ಲಿ ಇದ್ದಾಗಲೆಲ್ಲ ಅವಳು ಎಲೆ ಬಿಟ್ಟಳು. ಅವನು ಬಿಟ್ಟ ಕೂಡಲೇ ಮಿಕ್ಕಿಬ್ಬರ ಮೇಲೆ ಎಲ್ಲವನ್ನೂ ನೂಕಿದಳು. ಅವರು ಮುಖ ಮುಖ ನೋಡಿಕೊಂಡು ಬಿಟ್ಟರು. ಮತ್ತೆ ನೂಕಿದಳು, ಮತ್ತೆ ಬಿಟ್ಟರು. ಅವಳ ಎದೆ ಹುಡುಗಿಯಂತೆ ಹಾರುತ್ತಿತ್ತು. ಇದಾ ಇವರು ಇಷ್ಟು ವರ್ಷ ಇಲ್ಲಿ ಉಣ್ಣುತ್ತಿದ್ದ ಸುಖ, ಎಂದುಕೊಂಡಳು. ಜಗತ್ತಿನಲ್ಲಿ ಬೇರೆ ಏನೂ ಉಳಿದಿರಲಿಲ್ಲ.

ಮಿರ್ಚಿ ಗೆದ್ದ ಮೂವರೂ ಅಂದು ಆಟ ನಿಲ್ಲಿಸಲಿಲ್ಲ, ಕಡೆಗೆ ಅವಳೂ ದಸ್ತಗೀರನೂ ಇಬ್ಬರೇ ಉಳಿದರು. ಅವಳ ಕೈಗೆ ಎರಡು ಎಕ್ಕ ಬಂದವು. ಹಿಗ್ಗು ತಡೆಯಲಾರದೆ, ಎಲೆಗಳನ್ನು ಸೆರಗಿನ ಮರೆಯಲ್ಲಿ ಹಿಡಿದು ಗಂಡನಿಗೆ ತೋರಿಸಲು ಹಿಂದೆ ತಿರುಗಿದಳು.

ಹಿಂದಿನ ಕುರ್ಚಿ ಖಾಲಿಯಿತ್ತು.

ಬಚ್ಚಲಲ್ಲಿ ಇರಲಿಲ್ಲ, ಹಿತ್ತಲಲ್ಲಿ ಇರಲಿಲ್ಲ, ಓಣಿಯಲ್ಲೂ ಇರಲಿಲ್ಲ. ಎಲ್ಲರೂ ಒಂದೊಂದು ದಿಕ್ಕಿಗೆ ಓಡಿದರು. ಶಿವಗಂಗಾ ಚಪ್ಪಲಿ ಇಲ್ಲದೆ ಬಸ್ ಸ್ಟ್ಯಾಂಡಿನವರೆಗೆ ಹೋದಳು. ದಸ್ತಗೀರನೂ ಅವನ ಮಗ ಆಸಿಫನೂ ಹಿಂದೆ. ಚಹಾ ಅಂಗಡಿಯವನೊಬ್ಬ ನೆನಪಿಟ್ಟುಕೊಂಡಿದ್ದ. ಬಿಳಿ ಅಂಗಿಯ ಹಿರಿಯರೊಬ್ಬರು ದೇವದುರ್ಗದ ಬಸ್ಸು ಯಾವುದೆಂದು ಕೇಳಿ ಹತ್ತಿದರು, ಮನೆಯಲ್ಲಿ ಕಾಯುತ್ತಿದ್ದಾರೆ ಎಂದು ಬಹಳ ಗಡಿಬಿಡಿಯಲ್ಲಿದ್ದರು, ಎಂದ.

ಆಸಿಫ್ ತನ್ನ ಕಾರು ತಂದ. ಗದ್ದೆಗಳ ನಡುವಿನ ದಾರಿ. ಕಾಲುವೆಯ ಸೇತುವೆ ಬಂದಾಗಲೆಲ್ಲ ಶಿವಗಂಗಾ ಕಿಟಕಿಯಿಂದ ನೀರನ್ನೇ ನೋಡಿದಳು. ಎರಡು ಎಲೆಗಳು ಇನ್ನೂ ಅವಳ ಮುಷ್ಟಿಯಲ್ಲೇ ಇದ್ದವು. ಸಿರವಾರ ದಾಟಿದ ಮೇಲೆ ಅದು ಗೊತ್ತಾಗಿ, ಹೇಸಿಗೆ ಮುಟ್ಟಿದಂತೆ ಹೊರಗೆ ಎಸೆದಳು.

ದೇವದುರ್ಗದ ಕ್ವಾರ್ಟರ್ಸು ಹಳೆಯದಾಗಿತ್ತು, ಆದರೆ ಗುರುತು ಸಿಕ್ಕಿತು. ಅವರು ಸಂಸಾರ ಹೂಡಿದ್ದ ಮನೆಯ ಮೆಟ್ಟಿಲ ಮೇಲೆ ಪಂಪಾಪತಿ ಕೈಕಟ್ಟಿ ಕೂತಿದ್ದ. ಮುಂಬಾಗಿಲು ಮುಚ್ಚಿತ್ತು. ಈಗ ಆ ಮನೆಯಲ್ಲಿರುವ ಸರ್ವರಿ ಬೇಗಂ ಎಂಬ ನರ್ಸು ಅವನಿಗೆ ನೀರು ಕೊಟ್ಟು, ಪಕ್ಕದ ಗೋಡೆಯ ಬಳಿ ಏನು ಮಾಡಬೇಕೋ ತೋಚದೆ ನಿಂತಿದ್ದಳು. ಕಾರಿನವರನ್ನು ಕಂಡು ಉಸಿರು ಬಿಟ್ಟಳು.

“ಪಾಪ, ಒಳಗ ಕರದ್ರ ಬರವಲ್ರು. ಬಾಗಲಾ ನೀವ್ ತಗೀಬಾರ್ದು, ನಮ್ಮಾಕಿನಽ ತಗೀಬೇಕು ಅಂತಾರ್ರಿ.”

ಶಿವಗಂಗಾ ಹೋಗಿ ಅವನ ಪಕ್ಕದ ಮೆಟ್ಟಿಲ ಮೇಲೆ ಕೂತಳು. ಪಂಪಾಪತಿಯ ಮುಖ ಅರಳಿತು.

“ಮೇಡಂ, ನೀವಾ? ಚಲೋ ಆತು ಬಂದ್ರಿ. ನಮ್ಮಾಕಿ ಸಿಟ್ಟಾಗ್ಯಾಳ.”

“ಯಾಕ್ರೀ ಸಿಟ್ಟು?”

“ಆಟಕ್ಕ ಹೋಗ್ತೀನಂತ. ಸೋತು ಬರ್ತೀನಂತ ತಿಳಕೊಂಡಾಳ.” ಅವನು ಹಿಂದೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ನಾ ಸೋಲಂಗಿಲ್ರಿ ಮೇಡಂ. ನಾಕು ಮಂದಿ ಉಳಿಯೂದ್ರಾಗ ಹೊತ್ತು ಮುಳುಗ್ತದ. ಮೂರರಾಗ ಬಂದ್ರ ಮಿರ್ಚಿ ತಿನ್ನೂದು, ಹರಟಿ ಹೊಡಿಯೂದು, ಬಾಳ ತಡಾ ಆಗ್ತದ. ಅಲ್ಲೀತನ ಈಕಿ ಉಣ್ಣಂಗಿಲ್ಲ. ಒಬ್ಬಾಕಿನಽ ಕುಂತಿರ್ತಾಳ. ಹೊಸಾ ಊರು, ಮಾತಾಡ್ಸೂರು ಯಾರೂ ಇಲ್ಲ. ಸುಮ್ಮ ಎದ್ದು ಬಂದ್ರ ಹೆಂಡ್ತಿಗಿ ಅಂಜತಾನಂತ ದೋಸ್ತರು ನಗ್ತಾರ. ಅದಕ್ಕ ದೊಡ್ಡ ರಾಶಿಯವನ ಮ್ಯಾಲ ಎಲ್ಲಾ ನೂಕಿಬಿಡ್ತೀನಿ. ಎಲಿ ಎಂಥಾದರ ಇರ್ಲಿ. ಅವ ಬಿಡಂಗಿಲ್ಲ. ಆಟ ಮುಗೀತದ, ಮನಿಗಿ ಬರ್ತೀನಿ.”

ಕಾರಿಗೆ ಒರಗಿ ನಿಂತಿದ್ದ ದಸ್ತಗೀರನಿಗೆ ಈ ಮಾತು ಕೇಳಿಸಿತು. ಅವನು ಆ ಕಡೆ ತಿರುಗಿ ಟೋಪಿ ತೆಗೆದು ಕೈಯಲ್ಲಿ ಹಿಡಿದ.

ಶಿವಗಂಗಾ ಮುಚ್ಚಿದ ಬಾಗಿಲ ಕಡೆ ನೋಡಿದಳು.

“ಈ ಮಾತು ಆಕಿಗಿ ಯಾಕ ಹೇಳ್ಲಿಲ್ಲ?”

“ಹೆಂಗ ಹೇಳೂದ್ರಿ?” ಪಂಪಾಪತಿ ಮದುಮಗನಂತೆ ನಾಚಿ ನಕ್ಕ. “ನೀವು ಹೆಣ್ಮಕ್ಕಳು. ನೀವಽ ಹೇಳ್ರಲ್ಲ ಆಕಿಗಿ. ನಿಮ್ಮ ಮಾತು ಕೇಳ್ಯಾಳು.”

ಅವಳು ಎದ್ದಳು. ಸರ್ವರಿ ಬೇಗಂಳ ಕೈ ಹಿಡಿದು, ಹಿತ್ತಲ ಬಾಗಿಲಿಂದ ಒಳಗೆ ಬರಬಹುದೇ ಎಂದು ಕೇಳಿದಳು. ಅಡುಗೆಮನೆ ಅದೇ ಜಾಗದಲ್ಲಿತ್ತು, ಸಾಮಾನು ಬೇರೆ. ಮುಂಬಾಗಿಲ ಹಿಂದೆ ಬಂದು ನಿಂತಳು. ಆಚೆ ಅವನು ಕೆಮ್ಮಿದ್ದು ಕೇಳಿಸಿತು.

“ಏನ್ರೀ,” ಎಂದಳು. “ಬರ್ರಿ. ಊಟಕ್ಕ ಬರ್ರಿ.”

ಆಚೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಆಮೇಲೆ ಬಾಗಿಲಿಗೆ ತೀರ ಹತ್ತಿರದಿಂದ ಅವನ ದನಿ ಬಂತು. ಮೇಡಂಗೆ ಪಾಠ ಹೇಳುವ ದನಿಯಲ್ಲ. ಅವಳು ಕೇಳಿ ಎಷ್ಟೋ ಕಾಲವಾಗಿದ್ದ ಹಳೆಯ ದನಿ.

“ಏ ಶಿವಗಂಗಾ. ಸಿಟ್ಟು ಇಳೀತೇನು?”

ಅವಳು ಚಿಲಕದ ಮೇಲೆ ಹಣೆಯಿಟ್ಟಳು.

“ಇಳೀತ್ರಿ.”

“ನಾ ಸೋತು ಬಂದಿಲ್ಲ.”

“ಗೊತ್ತದ್ರಿ. ಎಲ್ಲಾ ಗೊತ್ತಾತು.”

“ನೀ ಉಂಡೀಯೇನು?”

“ಇಲ್ರಿ. ನಿಮ್ಮ ಸಲುವಾಗಿ ಕುಂತೀನಿ.”

“ಮತ್ತ ಬಾಗಲಾ ತಗಿಬೇ, ಹುಚ್ಚಿ.”

ಅವಳಿಗೆ ತೆಗೆಯಲು ಮನಸ್ಸಾಗಲಿಲ್ಲ. ಬಾಗಿಲು ಮುಚ್ಚಿರುವಷ್ಟು ಹೊತ್ತು ತಾನು ಅವನ ಹೆಂಡತಿ. ಇನ್ನೂ ಏನಾದರೂ ಕೇಳಬೇಕು, ಇನ್ನೊಂದು ಮಾತು ಆಡಿಸಬೇಕು ಎನ್ನಿಸಿತು. ಪಂಪಾಪತಿ ಹೊರಗಿನಿಂದ ಮೆಲ್ಲಗೆ ತಟ್ಟಿದ. ಅವಳು ಚಿಲಕ ಸರಿಸಿದಳು.

ಅವನು ನಗುತ್ತಾ ಒಳಗೆ ಕಾಲಿಟ್ಟ. ಅವಳ ಮುಖ ನೋಡಿದ. ಆಮೇಲೆ ಅವಳ ಭುಜದ ಮೇಲಿಂದ ಒಳಗೆಲ್ಲ ಕಣ್ಣಾಡಿಸಿದ.

“ಮೇಡಂ, ಈಗ ಮಾತಾಡಿದ್ಲಲ್ಲ. ಆಕಿ ಎಲ್ಲಿ ಹೋದ್ಲು?”

ಸರ್ವರಿ ಬೇಗಂ ಅವರನ್ನು ಹಾಗೇ ಕಳಿಸಲಿಲ್ಲ. ರೊಟ್ಟಿ, ಹೆಸರುಕಾಳಿನ ಪಲ್ಯ ಬಡಿಸಿದಳು. ಪಂಪಾಪತಿ ಹಸಿದಿದ್ದ, ಚೆನ್ನಾಗಿ ಉಂಡ. ಏಳುವಾಗ, “ನಮ್ಮಾಕಿಗೂ ಎತ್ತಿಡ್ರಿ,” ಎಂದು ಹೇಳುವುದನ್ನು ಮರೆಯಲಿಲ್ಲ.

ರಾಯಚೂರಿಗೆ ಬಂದ ಮೇಲೆ ಶಿವಗಂಗಾ ಎಲೆಗಳನ್ನು ಅವನ ಮುಂದೆ ಇಟ್ಟು ನೋಡಿದಳು. ಬೇಸಿಗೆ ಮುಗಿಯುವವರೆಗೆ ಅವನು ಹಂಚಿದ. ಮಳೆ ಶುರುವಾಗುವ ಹೊತ್ತಿಗೆ ಎಲೆಗಳೂ ಅವನಿಗೆ ಅಪರಿಚಿತವಾದವು. ಸುಮ್ಮನೆ ಕೈಯಲ್ಲಿ ಹಿಡಿದು ಸವರುತ್ತಿದ್ದ. ಆದರೆ ಅವಳಿಗೆ ಒಂದು ದಾರಿ ತಿಳಿದಿತ್ತು. ಅವನ ಎದುರಿಗೆ ಬರದೆ ಅಡುಗೆಮನೆಯೊಳಗೆ ನಿಂತು, “ಏನ್ರೀ, ಚಾ ಕುಡೀತೀರೇನು?” ಎಂದು ಕೇಳಿದರೆ, ಪಡಸಾಲೆಯಿಂದ, “ತಾರ್ಬೇ,” ಎಂದು ಉತ್ತರ ಬರುತ್ತಿತ್ತು. ಅವಳು ಕಾಣಿಸಿಕೊಂಡರೆ ಮೇಡಂ. ಗೋಡೆಯ ಆಚೆ ಇದ್ದರೆ ಶಿವಗಂಗಾ. ಕಾವ್ಯಾ ಕಾಲೇಜಿನಿಂದ ಬಂದಾಗ ತಾಯಿ ಒಲೆಯ ಪಕ್ಕದ ಗೋಡೆಗೆ ಮುಖ ಮಾಡಿ ನಿಂತು ಗಂಡನ ಜೊತೆ ಹರಟುತ್ತಿರುವುದನ್ನು ನೋಡಿ, ಸದ್ದಿಲ್ಲದೆ ಚಪ್ಪಲಿ ಕಳಚಿ ಮೇಲೆ ಹೋಗುತ್ತಿದ್ದಳು. ದೇವದುರ್ಗದ ಸಂತೆ, ಕಾವ್ಯಾ ಹುಟ್ಟಿದಾಗ ಬಂದ ಮಳೆ, ತೀರಿಹೋದ ಅತ್ತೆ, ಎಲ್ಲವನ್ನೂ ಅವರು ಆ ಗೋಡೆಯ ಎರಡು ಕಡೆ ನಿಂತು ಮಾತಾಡಿದರು. ಅಷ್ಟು ಮಾತನ್ನು ಅವರು ಒಂದೇ ಮಂಚದ ಮೇಲೆ ಮಲಗಿದ್ದಾಗಲೂ ಆಡಿರಲಿಲ್ಲ.

ಉತ್ತರಗಳು ಸಣ್ಣವಾಗುತ್ತಾ ಬಂದವು. ಹೂಂ ಆಯಿತು, ಆಮೇಲೆ ಬರೀ ಕೆಮ್ಮು. ಕಾರ್ತೀಕದಲ್ಲಿ ಒಂದು ದಿನ ಅವಳು ಕರೆದಳು, ಮತ್ತೆ ಕರೆದಳು. ಏನೂ ಬರಲಿಲ್ಲ. ಹೊರಗೆ ಬಂದು ನೋಡಿದರೆ ಅವನು ಎಚ್ಚರವಾಗಿಯೇ ಕೂತಿದ್ದ. ಅವಳು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡಳು. ಯಾರು ಎಂದು ಅವನು ಕೇಳಲಿಲ್ಲ.

ಶಿವರಾತ್ರಿಗೆ ಮುಂಚೆ ಪಂಪಾಪತಿ ತೀರಿಕೊಂಡ. ಮಣ್ಣು ಮಾಡಿ ಬಂದವರು, ಅವನೂ ಬಿಡುಗಡೆಯಾದ, ನೀನೂ ಬಿಡುಗಡೆಯಾದಿ ಎಂದು ಶಿವಗಂಗಾಗೆ ಸಮಾಧಾನ ಹೇಳಿದರು. ಅವಳು ಎಲ್ಲರಿಗೂ ತಲೆಯಾಡಿಸಿದಳು. ಜನ ಚದುರಿದ ಮೇಲೆ ಮುನವ್ವರ್ ಬೀ ಬಂದು ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟಳು. ಆಗ ಶಿವಗಂಗಾ ಮೊದಲ ಸಲ ಬಾಯಿಬಿಟ್ಟು ಅತ್ತಳು.

“ನನಗ ಏನ್ ಹೇಳಬೇಕಿತ್ತೋ ಅದೆಲ್ಲಾ ಹೇಳಿದ್ರು ಮುನವ್ವರ್. ಒಂದೂ ಉಳಿಸ್ಲಿಲ್ಲ. ಆದ್ರ ಮೇಡಂಗ ಹೇಳಿದ್ರು, ನನಗ ಹೇಳ್ಲಿಲ್ಲ.”

ಮುನವ್ವರ್ ಬೀ ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ಅಂಗಳದಲ್ಲಿ ಶಾಮಿಯಾನ ಬಿಚ್ಚುತ್ತಿದ್ದರು. ಕಂಬ ಮೆಲ್ಲಗೆ ಇಳಿಸ್ರೋ, ಒಳಗ ಮಂದಿ ಅದಾರ, ಎಂದು ದಸ್ತಗೀರ್ ಅವರಿಗೆ ಹೇಳುತ್ತಿದ್ದ.